ಇಂಗ್ಲಿಷ್ ಗದ್ಯದ ಅಲಂಕಾರಗಳು

ಅಲಂಕಾರ ಎಂಬ ಮಾತನ್ನು ನಾವು ಎರಡು ಕಡೆ ಬಳಸುತ್ತೇವೆ. ಉತ್ಸವಮೂರ್ತಿಗೆ ಅರ್ಚಕರು ಮಾಡುವುದೂ ಅಲಂಕಾರವೇ, ಕಾವ್ಯಕ್ಕೆ ಕವಿ ಮಾಡುವುದೂ ಅಲಂಕಾರವೇ. ಉತ್ಸವ ಮುಗಿದ ಮೇಲೆ ಹೂವನ್ನೂ ಒಡವೆಯನ್ನೂ ತೆಗೆದಿರಿಸುತ್ತಾರೆ. ಮೂರ್ತಿ ಇದ್ದಂತೆಯೇ ಇರುತ್ತದೆ. ಬರವಣಿಗೆಯ ಅಲಂಕಾರವನ್ನೂ ಹೀಗೆ ಕಳಚಿಡಬಹುದು, ಕಳಚಿಟ್ಟರೂ ಅರ್ಥವೆಂಬ ಮೂರ್ತಿಗೆ ಕುಂದಿಲ್ಲ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಈ ಹೆಸರಿನಿಂದಲೇ ಬಂದಿರಬೇಕು. ಶಾಸ್ತ್ರ ಬಲ್ಲವರು ಹಾಗೆ ಹೇಳಲಿಲ್ಲ. ರಸವತ್ತಾದ ಕಾವ್ಯದಲ್ಲಿ ಅಲಂಕಾರವು ಬೇರೆ ಪ್ರಯತ್ನವಿಲ್ಲದೆ, ಭಾವದ ಜೊತೆಯಲ್ಲಿಯೇ ಹುಟ್ಟಿ ಬರಬೇಕೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ವಿಧಿಸಿದ. ಆದರೆ ನಮ್ಮ ತರಗತಿಗಳಲ್ಲಿ ನಡೆದದ್ದು ಬೇರೆ. ಪದ್ಯವನ್ನು ಕೊಟ್ಟು 'ಇಲ್ಲಿರುವ ಅಲಂಕಾರವನ್ನು ಹೆಸರಿಸಿ, ಸಮನ್ವಯಗೊಳಿಸಿ' ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದವರಲ್ಲಿ ನಾನೂ ಒಬ್ಬ.

ನಾನು ಕನ್ನಡದ ಅಧ್ಯಾಪಕನಾಗಿದ್ದವನು. ಇಂಗ್ಲಿಷನ್ನು ಓದಿದವನೇ ಹೊರತು ಪಾಠ ಹೇಳಿದವನಲ್ಲ. ಆದರೂ ಈ ವಿಷಯವನ್ನು ಕುರಿತು ಮಾತನಾಡಲು ಒಪ್ಪಿಕೊಂಡದ್ದಕ್ಕೆ ನನ್ನದೇ ಒಂದು ಹಳೆಯ ತಪ್ಪು ಕಾರಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೊನಾಥನ್ ಸ್ವಿಫ್ಟನ 'ಎ ಮಾಡೆಸ್ಟ್ ಪ್ರಪೋಸಲ್' ಎಂಬ ಚಿಕ್ಕ ಲೇಖನವನ್ನು ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಕನ್ನಡಕ್ಕೆ ತಂದೆ. 'ಒಂದು ವಿನಮ್ರ ಸಲಹೆ' ಎಂದು ಹೆಸರಿಟ್ಟು, ಇಂಗ್ಲಿಷ್ ವಿಭಾಗದ ಹಿರಿಯರೊಬ್ಬರಿಗೆ ನೋಡಲು ಕೊಟ್ಟೆ. ವಾರದ ಮೇಲೆ ಹಸ್ತಪ್ರತಿ ಹಿಂದಿರುಗಿತು. ಕೊನೆಯ ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ ಎರಡೇ ವಾಕ್ಯ ಬರೆದಿದ್ದರು: 'ನಾಟ್ ವಿದೌಟ್ ಮೆರಿಟ್. ಬಟ್ ಸ್ವಿಫ್ಟ್ ಡಸ್ ನಾಟ್ ವೀಪ್.' ಗುಣವಿಲ್ಲದೆ ಇಲ್ಲ. ಆದರೆ ಸ್ವಿಫ್ಟ್ ಅಳುವುದಿಲ್ಲ. ನಾನು ಆ ಹಾಳೆಗಳನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ. ಆ ಎರಡು ವಾಕ್ಯಗಳಲ್ಲಿ ಇಂಗ್ಲಿಷ್ ಬರವಣಿಗೆಯ ಅತ್ಯಂತ ಸಾಮಾನ್ಯವಾದ ಒಂದು ಅಲಂಕಾರ ಇತ್ತು. ಅದು ನನಗೆ ಕಾಣಲಿಲ್ಲ. ಅದು ಕಾಣದೆ ಹೋದದ್ದು ಹೇಗೆ ಎಂಬುದನ್ನು ಹೇಳುವ ಮುನ್ನ, ಕಣ್ಣಿಗೆ ಸುಲಭವಾಗಿ ಕಾಣುವವುಗಳಿಂದ ಆರಂಭಿಸುವುದು ಒಳ್ಳೆಯದು.

ಇಂಗ್ಲಿಷರ ಅಲಂಕಾರಶಾಸ್ತ್ರ ಅವರ ಸ್ವಂತದ್ದಲ್ಲ. ಗ್ರೀಕರಿಂದ ರೋಮನರಿಗೆ, ರೋಮನರಿಂದ ಯೂರೋಪಿನ ಪಾಠಶಾಲೆಗಳಿಗೆ ಇಳಿದು ಬಂದದ್ದು. ಹೆಸರುಗಳಲ್ಲಿ ಬಹುಪಾಲು ಬಾಯಿಗೆ ಒಗ್ಗದ ಗ್ರೀಕ್ ಹೆಸರುಗಳು. 1589ರಲ್ಲಿ 'ದಿ ಆರ್ಟ್ ಆಫ್ ಇಂಗ್ಲಿಷ್ ಪೊಯಸಿ' ಎಂಬ ಪುಸ್ತಕ ಕರ್ತೃವಿನ ಹೆಸರಿಲ್ಲದೆ ಪ್ರಕಟವಾಯಿತು. ಜಾರ್ಜ್ ಪಟನ್‌ಹ್ಯಾಮ್ ಅದರ ಕರ್ತೃವೆಂದು ವಿದ್ವಾಂಸರು ಹೇಳುತ್ತಾರೆ. ಈ ಪುಣ್ಯಾತ್ಮ ಗ್ರೀಕ್ ಹೆಸರುಗಳಿಗೆಲ್ಲ ಮನೆಮಾತಿನ ಹೆಸರುಗಳನ್ನು ಕಟ್ಟಿದ. ಹೈಪರ್ಬೊಲಿ, ಎಂದರೆ ನಮ್ಮ ಅತಿಶಯೋಕ್ತಿ, ಅವನಲ್ಲಿ 'ಗಟ್ಟಿಗಂಟಲಿನ ಸುಳ್ಳುಗಾರ'. ಮೆಟಾನಮಿ 'ತಪ್ಪು ಹೆಸರಿನಿಂದ ಕರೆಯುವವನು'. ಐರನಿ 'ಒಣ ಅಣಕ'. ಅವನಿಟ್ಟ ಹೆಸರುಗಳು ನಿಲ್ಲಲಿಲ್ಲ; ಗ್ರೀಕ್ ಹೆಸರುಗಳೇ ಉಳಿದವು. ನನಗಂತೂ 'ಒಣ ಅಣಕ' ಎಂಬುದು ಬಹಳ ಹಿಡಿಸಿದ ಮಾತು. ನಗೆಯ ಪಸೆಯೂ ಕಣ್ಣೀರಿನ ಪಸೆಯೂ ಇಲ್ಲದ ಅಣಕ. ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ಶಬ್ದದ ಮಾತು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ನಿಲ್ಲುತ್ತಿತ್ತು. ಇಂಗ್ಲಿಷಿನಲ್ಲಿ ಅದು ಸಾಲಿನ ಕೊನೆಯಲ್ಲಿದೆ. ಎರಡನೆಯ ಅಕ್ಷರದ ಪ್ರಾಸವನ್ನು 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಬಿಟ್ಟದ್ದೂ, ಅನಂತರ ಶ್ರೀ ಅವರ 'ಇಂಗ್ಲಿಷ್ ಗೀತಗಳು' ಬಂದದ್ದೂ ನಿಮಗೆ ತಿಳಿದ ಕಥೆ. ಆದರೆ ಈ ಅಂತ್ಯಪ್ರಾಸವೂ ಇಂಗ್ಲಿಷಿಗೆ ಬಹುಮಟ್ಟಿಗೆ ಹೊರಗಿನಿಂದ, ಫ್ರೆಂಚ್ ಮತ್ತು ಲ್ಯಾಟಿನ್ ಪದ್ಯಗಳ ಸಹವಾಸದಿಂದ, ಬಂದದ್ದು. ಅದರ ಹುಟ್ಟುಗುಣ ಅಲಿಟರೇಷನ್, ಪದಗಳ ಮೊದಲ ಧ್ವನಿಯ ಅನುಪ್ರಾಸ. 'ಬೇವುಲ್ಫ್' ಎಂಬ ಪ್ರಾಚೀನ ವೀರಕಾವ್ಯದಲ್ಲಿ ಸಾಲಿನ ಎರಡು ಅರ್ಧಗಳನ್ನು ಹಿಡಿದು ಕಟ್ಟುವ ದಾರ ಇದೇ. ಆ ಛಂದಸ್ಸು ಹೋಗಿ ಎಷ್ಟೋ ಶತಮಾನಗಳಾದರೂ ಆಡುಮಾತಿನಲ್ಲಿ ಅದರ ಪಳೆಯುಳಿಕೆ ಇದೆ. 'ಸೇಫ್ ಅಂಡ್ ಸೌಂಡ್', 'ಪಾರ್ಟ್ ಅಂಡ್ ಪಾರ್ಸಲ್' ಎಂಬ ಜೋಡಿಗಳನ್ನು ನೋಡಿ. ನಮ್ಮ ಬಂಧುಬಳಗ, ಸಾಲಸೋಲ, ಕಷ್ಟಕಾರ್ಪಣ್ಯಗಳ ಹಾಗೆಯೇ ಇವು. ಇವುಗಳನ್ನು ಆಡುವವರಾರೂ ತಾವು ಅಲಂಕಾರ ಬಳಸುತ್ತಿದ್ದೇವೆಂದು ತಿಳಿಯುವುದಿಲ್ಲ. ತಿಳಿದು, ಹಟ ಹಿಡಿದು ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಜಾನ್ ಲಿಲಿ 1578ರಲ್ಲಿ ಬರೆದ 'ಯೂಫ್ಯೂಸ್' ಸಾಕ್ಷಿ. ಪುಟ ಪುಟವೂ ಅನುಪ್ರಾಸ, ವಾಕ್ಯ ವಾಕ್ಯವೂ ತಕ್ಕಡಿಯಲ್ಲಿ ತೂಗಿದಂತೆ ಇಬ್ಭಾಗ, ಅದರ ಮೇಲೆ ಕಂಡು ಕೇಳರಿಯದ ಪ್ರಾಣಿಗಳ, ಶಿಲೆಗಳ ಹೋಲಿಕೆ. ಹತ್ತಾರು ವರ್ಷ ಎಲ್ಲರೂ ಅದನ್ನು ಅನುಕರಿಸಿದರು. ಅನಂತರ ಎಲ್ಲರೂ ನಕ್ಕರು. ಆ ಪುಸ್ತಕದ ಹೆಸರಿನಿಂದ ಹುಟ್ಟಿದ 'ಯೂಫ್ಯೂಯಿಸಮ್' ಎಂಬ ಮಾತು ಮಾತ್ರ ಒಂದು ರೋಗದ ಹೆಸರಿನಂತೆ ಉಳಿದುಕೊಂಡಿದೆ.

ಇನ್ನು ಹೋಲಿಕೆ. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ ಎಂದು ಬರೆದುಕೊಂಡು ಮುಂದೆ ಹೋಗುವುದು ರೂಢಿ. ಮೊದಲನೆಯದು ಸರಿ, ಎರಡನೆಯದು ಅರ್ಧ ಸರಿ. ನಮ್ಮ ರೂಪಕದಲ್ಲಿ ಉಪಮೇಯವೂ ಉಪಮಾನವೂ ಎದುರೆದುರಾಗಿ ನಿಂತಿರುತ್ತವೆ: ಮುಖವೇ ಕಮಲ, ಸಂಸಾರವೇ ಸಾಗರ. ಇವೆರಡಕ್ಕೂ ಬೇರೆ ಬೇರೆ ಹೆಸರಿರುವುದು ಎಷ್ಟು ದೊಡ್ಡ ಅನುಕೂಲವೆಂಬುದು ಇಂಗ್ಲಿಷರಿಗೆ ತಡವಾಗಿ ತಿಳಿಯಿತು. ಐ. ಎ. ರಿಚರ್ಡ್ಸ್ 1936ರ ತನ್ನ 'ದಿ ಫಿಲಾಸಫಿ ಆಫ್ ರೆಟರಿಕ್' ಗ್ರಂಥದಲ್ಲಿ 'ಟೆನರ್', 'ವೆಹಿಕಲ್' ಎಂದು ಎರಡು ಹೆಸರುಗಳನ್ನು ಸೂಚಿಸಬೇಕಾಯಿತು. ಅವು ಹೆಚ್ಚು ಕಡಿಮೆ ನಮ್ಮ ಉಪಮೇಯ, ಉಪಮಾನಗಳೇ. ಇಷ್ಟರ ಮಟ್ಟಿಗೆ ನಾವು ಹೆಮ್ಮೆಪಟ್ಟುಕೊಳ್ಳಬಹುದು.

ಆದರೆ ಇಂಗ್ಲಿಷ್ ಮೆಟಫರ್ ಹೆಚ್ಚಾಗಿ ಅಡಗಿಕೊಳ್ಳುವುದು ಕ್ರಿಯಾಪದದಲ್ಲಿ. ಹಡಗು ಸಮುದ್ರವನ್ನು 'ಉಳುತ್ತದೆ' ಎಂದಾಗ ನೇಗಿಲಿನ ಹೆಸರೇ ಇಲ್ಲ, ಹೊಲದ ಹೆಸರೇ ಇಲ್ಲ. ಉಪಮಾನ ಒಂದು ಕ್ರಿಯೆಯಾಗಿ ಬಂದು ಕೆಲಸ ಮುಗಿಸಿ ಹೋಗಿಬಿಟ್ಟಿತು. ನಮ್ಮ ಶಾಸ್ತ್ರದಲ್ಲಿ ಇದು ರೂಪಕಕ್ಕಿಂತ ಲಕ್ಷಣೆಗೆ, ಇಲ್ಲವೇ ಅತಿಶಯೋಕ್ತಿಯ ಒಂದು ಭೇದಕ್ಕೆ ಹತ್ತಿರ. ಇಂಥ ಕ್ರಿಯಾಪದಗಳು ಬಳಸಿ ಬಳಸಿ ಸವೆದು, ಕೊನೆಗೆ ಹೋಲಿಕೆಯೆಂಬ ನೆನಪೂ ಉಳಿಯದಂತಾಗುತ್ತವೆ. ಅರ್ಥಮಾಡಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ 'ಗ್ರಾಸ್ಪ್' ಎಂದರೆ, ಕೈಯಲ್ಲಿ ಹಿಡಿಯುವುದು. ನಾವು 'ಗ್ರಹಿಸು' ಎನ್ನುವಾಗಲೂ ಹಿಡಿಯುವುದನ್ನೇ ಹೇಳುತ್ತೇವೆ. ಕೈ ಮಾತ್ರ ಯಾರಿಗೂ ಕಾಣುವುದಿಲ್ಲ. ಇಂಥ ಸತ್ತ ರೂಪಕಗಳಿಂದ ತೊಂದರೆಯಿಲ್ಲ, ಅವು ಸಾಮಾನ್ಯ ಪದಗಳಾಗಿವೆ. ತೊಂದರೆ ಇರುವುದು ಅರೆಜೀವ ಇಟ್ಟುಕೊಂಡಿರುವವುಗಳಿಂದ ಎಂದು ಜಾರ್ಜ್ ಆರ್ವೆಲ್ 1946ರ ಒಂದು ಪ್ರಬಂಧದಲ್ಲಿ ವಾದಿಸಿದ. ಅವನು ಎತ್ತಿ ತೋರಿಸಿದ ಒಂದು ಉದಾಹರಣೆ ಸ್ವಾರಸ್ಯವಾಗಿದೆ. ಶಿಸ್ತಿಗೆ ಒಳಪಡುವುದಕ್ಕೆ 'ಟೋ ದ ಲೈನ್' ಎನ್ನುತ್ತಾರೆ. ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದು ಎಂದರ್ಥ. ಉಚ್ಚಾರಣೆ ಒಂದೇ ಆದ್ದರಿಂದ ಕೆಲವರು ಇದನ್ನು ಹಗ್ಗ ಎಳೆಯುವ ಅರ್ಥದ ಇನ್ನೊಂದು 'ಟೋ' ಆಗಿ ಬರೆಯುತ್ತಾರೆ. ಚಿತ್ರ ಕಣ್ಣ ಮುಂದೆ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಬರೆಯುವವನು ಯೋಚಿಸುತ್ತಿಲ್ಲ ಎಂಬುದಕ್ಕೆ ಅದೇ ಗುರುತು.

ಮೆಟಾನಮಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ರಾಜತ್ವಕ್ಕೆ ಕಿರೀಟ ಎನ್ನುವುದು, ಅಮೆರಿಕದ ಅಧ್ಯಕ್ಷರ ಕಚೇರಿಗೆ ಬಿಳಿಯ ಮನೆ ಎನ್ನುವುದು, ನಾವು ಸರ್ಕಾರಕ್ಕೆ ವಿಧಾನಸೌಧ ಎನ್ನುವುದು ಎಲ್ಲವೂ ಒಂದೇ ಬಗೆ. ಗಂಗೆಯಲ್ಲಿ ಹಳ್ಳಿ ಇದೆ ಎಂಬ ನಮ್ಮ ಲಕ್ಷಣೆಯ ಹಳೆಯ ಉದಾಹರಣೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಝೂಗ್ಮಾ ಎಂಬುದೊಂದಿದೆ, ಒಂದೇ ಕ್ರಿಯಾಪದಕ್ಕೆ ಒಂದಕ್ಕೊಂದು ಸಲ್ಲದ ಎರಡು ವಸ್ತುಗಳನ್ನು ನೊಗ ಹೂಡುವುದು. 'ಅವರು ಊರನ್ನೂ ನಶ್ಯವನ್ನೂ ಒಟ್ಟಿಗೇ ಬಿಟ್ಟರು' ಎಂದರೆ ಹೇಗೋ ಹಾಗೆ. ಅಲೆಕ್ಸಾಂಡರ್ ಪೋಪ್ ತನ್ನ 'ದಿ ರೇಪ್ ಆಫ್ ದ ಲಾಕ್' ಕಾವ್ಯದಲ್ಲಿ ರಾಣಿಯ ರಾಜಕಾರಣವನ್ನೂ ಚಹಾವನ್ನೂ ಹೀಗೆ ಒಂದೇ ನೊಗಕ್ಕೆ ಕಟ್ಟಿ, ಆ ಕಾಲದ ದೊಡ್ಡವರ ಬದುಕಿನಲ್ಲಿ ಎರಡಕ್ಕೂ ಒಂದೇ ಬೆಲೆ ಎಂಬುದನ್ನು ಒಂದು ಮಾತೂ ಬೈಯದೆ ಹೇಳಿಬಿಟ್ಟ.

ಪದಗಳ ಅಲಂಕಾರಕ್ಕಿಂತ ಪದಗಳ ಸ್ಥಾನದ ಅಲಂಕಾರ ನಮಗೆ ಕಾಣುವುದು ಕಷ್ಟ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. ಎಷ್ಟೇ ಉದ್ದದ ವಾಕ್ಯವಾದರೂ ಕೊನೆಯ ಪದದವರೆಗೆ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷ್ ಹಾಗಲ್ಲ, ಅಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯೆ ಬಂದು ಅರ್ಥ ಅಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಓದುಗನನ್ನು ಕೊನೆಯವರೆಗೆ ಕಾಯಿಸಬೇಕಾದರೆ ಲೇಖಕ ಶ್ರಮಪಡಬೇಕು, ಉಪವಾಕ್ಯಗಳನ್ನು ಮುಂದಿಟ್ಟು ಮುಖ್ಯವಾಕ್ಯವನ್ನು ಹಿಡಿದಿಡಬೇಕು. ಇಂಥದನ್ನು 'ಪೀರಿಯಾಡಿಕ್' ವಾಕ್ಯ ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ತಂದರೆ ಸಾಧಾರಣ ವಾಕ್ಯದಂತೆ ಕೇಳುತ್ತದೆ. ಪಟ್ಟ ಶ್ರಮವೆಲ್ಲ ಮಾಯ. ಅನಾಫರದ ಗತಿಯೂ ಇದೇ. ಒಂದೇ ಮಾತನ್ನು ಸಾಲು ಸಾಲು ವಾಕ್ಯಗಳ ಮೊದಲಲ್ಲಿ ಮತ್ತೆ ಮತ್ತೆ ತರುವುದು ಅನಾಫರ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣದಲ್ಲಿ ಕನಸಿನ ಮಾತು ಹಾಗೆ ಬಾರಿ ಬಾರಿಗೂ ವಾಕ್ಯದ ಬಾಗಿಲಲ್ಲಿಯೇ ನಿಂತು ಕರೆಯುತ್ತದೆ. ಕನ್ನಡದಲ್ಲಿ ಅದರ ಕ್ರಿಯಾಪದ ಕೊನೆಗೆ ಹೋಗಿ ಬೀಳುತ್ತದೆ. ಅನುವಾದಕನು ಒಂದೋ ಕನ್ನಡವನ್ನು ತಿರುಚಬೇಕು, ಇಲ್ಲವೇ ಆ ಪುನರುಕ್ತಿಯನ್ನು ಪಲ್ಲವಿಯಂತೆ ಕೊನೆಗೆ ಒಪ್ಪಿಸಬೇಕು. ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. ನಮ್ಮ ಕಿವಿಗೆ ಮತ್ತೆ ಮತ್ತೆ ಬರುವ ಮಾತು ಕೊನೆಯಲ್ಲಿ ಬಂದರೇನೇ ಹಿತ.

ಮೂರು ಸಮಾನ ತುಂಡುಗಳನ್ನು ಒಂದರ ಹಿಂದೊಂದು ಇಡುವುದು ಇಂಗ್ಲಿಷ್ ಗದ್ಯದ ಇನ್ನೊಂದು ಚಟ. ಭಾಷಣಕಾರರ ಕೈಯಲ್ಲಿ ಅದು ಬರಿಯ ತಾಳವಾಗಿಬಿಡುತ್ತದೆ. ಆದರೆ ಸ್ಯಾಮ್ಯುಯೆಲ್ ಜಾನ್ಸನ್ 1755ರ ಫೆಬ್ರವರಿಯಲ್ಲಿ ಚೆಸ್ಟರ್‌ಫೀಲ್ಡ್ ಪ್ರಭುವಿಗೆ ಬರೆದ ಪತ್ರವನ್ನು ನೋಡಬೇಕು. ನಿಘಂಟಿನ ಕೆಲಸದಲ್ಲಿ ಒಬ್ಬನೇ ನರಳುತ್ತಿದ್ದಾಗ ತಿರುಗಿ ನೋಡದ ಪ್ರಭು, ಗ್ರಂಥ ಹೊರಬರುವ ಹೊತ್ತಿಗೆ ಪತ್ರಿಕೆಯಲ್ಲಿ ಹೊಗಳಿ ಬರೆದ. ಜಾನ್ಸನ್ ಕೊಟ್ಟ ಉತ್ತರದಲ್ಲಿ, ಆ ಅನುಗ್ರಹ ತಡವಾಗಿ ಬಂತೆನ್ನುವುದಕ್ಕೆ ಮೂರು ಪುಟ್ಟ ಉಪವಾಕ್ಯಗಳಿವೆ. ಒಂದು, ಅದನ್ನು ಸವಿಯುವ ಮನಸ್ಸು ಉಳಿದಿಲ್ಲವೆಂದು. ಎರಡು, ಹಂಚಿಕೊಳ್ಳಲು ಜೊತೆ ಇಲ್ಲವೆಂದು. ಮೂರು, ಹೆಸರು ಬಂದಿರುವುದರಿಂದ ಅದು ಬೇಕಾಗಿಲ್ಲವೆಂದು. ಮೂರೂ ಒಂದೇ ಅಳತೆ, ಒಂದೇ ತಾಳ. ಆದರೆ ಜಾನ್ಸನ್ನನ ಹೆಂಡತಿ 1752ರಲ್ಲಿ ತೀರಿಕೊಂಡಿದ್ದಳು. ನಡುವಿನ ತುಂಡಿನಲ್ಲಿ ಇರುವುದು ಅವಳ ಸಾವು. ಅವಳ ಹೆಸರಿಲ್ಲ, ಸಾವೆಂಬ ಪದವಿಲ್ಲ, ನಿಟ್ಟುಸಿರಿಲ್ಲ; ಎರಡು ಪಕ್ಕದ ತುಂಡುಗಳಷ್ಟೇ ಉದ್ದವಾಗಿ ಅದೂ ಮುಗಿದುಹೋಗುತ್ತದೆ. ಅಲಂಕಾರ ಇಲ್ಲಿ ದುಃಖವನ್ನು ಮೆರೆಸುವುದಕ್ಕೆ ಬಂದಿಲ್ಲ, ಮರೆಮಾಡುವುದಕ್ಕೆ ಬಂದಿದೆ. ಈ ಪತ್ರವನ್ನು ನಾನು ಎಷ್ಟೋ ಸಲ ಓದಿದ್ದೆ. ನಡುವಿನ ತುಂಡನ್ನು ದಾಟಿ ಹೋಗುತ್ತಿದ್ದೆ.

ನನ್ನ ಹಸ್ತಪ್ರತಿಯ ಅಂಚಿನಲ್ಲಿದ್ದ ಅಲಂಕಾರವೂ ಈ ಜಾತಿಯದೇ. ಅದರ ಹೆಸರು ಲೈಟೋಟೀಸ್. ಒಂದನ್ನು ಹೇಳುವ ಬದಲು ಅದರ ವಿರುದ್ಧವಾದದ್ದನ್ನು ಅಲ್ಲಗಳೆಯುವುದು. ಚೆನ್ನಾಗಿದೆ ಎನ್ನುವ ಬದಲು ಕೆಟ್ಟದ್ದೇನಲ್ಲ ಎನ್ನುವುದು. ಇದು ಇಂಗ್ಲಿಷಿನಲ್ಲಿ ಇಂದಿನದಲ್ಲ. 'ಬೇವುಲ್ಫ್' ಕಾಲದ ಕಾವ್ಯಗಳಲ್ಲಿಯೂ ಹೇರಳವಾಗಿದೆ. ರಣದಿಂದ ಸೋತು ಓಡಿದವನನ್ನು ಕುರಿತು 'ಜಂಬ ಕೊಚ್ಚಲು ಅವನಿಗೆ ಹೆಚ್ಚಿನ ಕಾರಣವಿರಲಿಲ್ಲ' ಎನ್ನುವಂಥ ಧಾಟಿ. ಆರ್ವೆಲ್ಲನಿಗೆ ಇದರ ಅತಿಬಳಕೆ ಕಂಡರಾಗದು. 'ನಾಟ್ ಅನ್' ಎಂದು ಎರಡು ನಿಷೇಧ ಹಾಕಿ ಬರೆಯುವ ಚಟಕ್ಕೆ ಮದ್ದಾಗಿ ನಾಯಿ ಮೊಲಗಳನ್ನು ಸೇರಿಸಿ ಒಂದು ಹಾಸ್ಯಾಸ್ಪದ ವಾಕ್ಯವನ್ನೇ ಹೊಸೆದು, ಬಾಯಿಪಾಠ ಮಾಡಿರೆಂದು ಹೇಳಿದ. ಆದರೂ ಅದು ಹೋಗಿಲ್ಲ. ಇಂಗ್ಲಿಷ್ ಓದಿದವರ ಬಾಯಲ್ಲಿ ಹೊಗಳಿಕೆ ಸಾಮಾನ್ಯವಾಗಿ ಈ ಮಾರ್ಗದಲ್ಲಿಯೇ ಬರುತ್ತದೆ.

ಕನ್ನಡದಲ್ಲಿ ಇದು ಇಲ್ಲವೇ? ಆಡುಮಾತಿನಲ್ಲಿ ಇದೆ. ಮದುವೆಯ ಊಟ ಹೇಗಿತ್ತು ಎಂದು ಕೇಳಿದರೆ 'ಪರವಾಗಿಲ್ಲ' ಎನ್ನುವ ಹಿರಿಯರು ಮೂರು ಸಲ ಹೋಳಿಗೆ ಹಾಕಿಸಿಕೊಂಡಿರುತ್ತಾರೆ. ಆದರೆ ನಮ್ಮ ಬರವಣಿಗೆ ಇದನ್ನು ಅಷ್ಟಾಗಿ ಒಳಗೆ ಬಿಟ್ಟುಕೊಂಡಿಲ್ಲ. ಅತಿಶಯೋಕ್ತಿಯ ಭೇದಗಳನ್ನು ಬೆರಳು ಮಡಿಸಿ ಎಣಿಸಿದವರು ನಾವು. ಊನೋಕ್ತಿಗೆ ನಾವು ಪಾಠ ಹೇಳುವ ಅಲಂಕಾರಗಳ ಸಾಲಿನಲ್ಲಿ ಅಂಥ ಮಣೆ ಹಾಕಲಿಲ್ಲ. ಬರೆದ ಕನ್ನಡದಲ್ಲಿ 'ಇಲ್ಲದೆ ಇಲ್ಲ' ಎಂದರೆ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಚಿಟಿಕೆ ಕೊಟ್ಟಂತೆ. ಆ ಕಿವಿಯಿಂದಲೇ ನಾನು ಆ ಇಂಗ್ಲಿಷ್ ವಾಕ್ಯವನ್ನು ಕೇಳಿದೆ. ಹತ್ತು ವರ್ಷದ ಮೇಲೆ, ಅವರು ನಿವೃತ್ತರಾದ ದಿನ, ಸಮಾರಂಭ ಮುಗಿಸಿ ಹೂವಿನ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದವರು ಮೆಟ್ಟಿಲ ಬಳಿ ನಿಂತು ಕೇಳಿದರು: 'ಏನ್ರೀ, ಆ ಸ್ವಿಫ್ಟ್ ಏನಾಯ್ತು? ಅಷ್ಟು ಚೆನ್ನಾಗಿ ಶುರುಮಾಡಿದ್ರಿ. ಎರಡನೇ ಕರಡು ತರ್ತೀರಿ ಅಂತ ಕಾಯ್ತಾನೇ ಇದ್ದೆ.' ನಾನು ಏನೋ ತೊದಲಿದೆ. ಅವರ ಮೊದಲ ವಾಕ್ಯ ಹೊಗಳಿಕೆ, ಎರಡನೆಯದು ಪಾಠ. ಮೊದಲನೆಯದನ್ನು ಬೈಗುಳವೆಂದುಕೊಂಡಿದ್ದರಿಂದ ಎರಡನೆಯದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಆ ಪಾಠ ಐರನಿಯನ್ನು ಕುರಿತದ್ದು. ಐರನಿಗೆ ವ್ಯಂಗ್ಯ, ವಕ್ರೋಕ್ತಿ, ವಿಡಂಬನೆ ಎಂದು ನಾವು ಹಲವು ಹೆಸರು ಹೇಳುತ್ತೇವೆ, ಯಾವುದೂ ಪೂರ್ತಿ ಹೊಂದುವುದಿಲ್ಲ. ಹತ್ತಿರದ್ದು ವ್ಯಾಜಸ್ತುತಿ, ಹೊಗಳಿಕೆಯ ನೆವದಲ್ಲಿ ನಿಂದೆ. ಆದರೆ ವ್ಯಾಜಸ್ತುತಿ ಒಂದು ಪದ್ಯದೊಳಗೆ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಮಾತನಾಡುವವನು ಕವಿಯೇ, ಕೇಳುವವನಿಗೂ ಅದು ಗೊತ್ತು. ಇಂಗ್ಲಿಷ್ ಗದ್ಯದ ಐರನಿಯಲ್ಲಿ ಲೇಖಕನು ತನ್ನದಲ್ಲದ ಅಭಿಪ್ರಾಯವುಳ್ಳ ಒಬ್ಬ ಇಡೀ ಮನುಷ್ಯನನ್ನೇ ಸೃಷ್ಟಿಸಿ, ಲೇಖನಿಯನ್ನು ಅವನ ಕೈಗೆ ಕೊಟ್ಟು, ತಾನು ಮರೆಗೆ ಸರಿಯುತ್ತಾನೆ. ಇದು ಅಪಾಯದ ಆಟ. ಬಾನುಲಿಯಲ್ಲಿಯಾದರೆ ದನಿಯ ಏರಿಳಿತದಿಂದ ಸುಳಿವು ಕೊಡಬಹುದು. ಅಚ್ಚಿನ ಅಕ್ಷರಕ್ಕೆ ದನಿಯಿಲ್ಲ.

ಅಪಾಯ ಎಷ್ಟೆಂಬುದನ್ನು ಡೇನಿಯಲ್ ಡಿಫೋ ಅನುಭವಿಸಿದ. 'ರಾಬಿನ್ಸನ್ ಕ್ರೂಸೋ' ಬರೆದು ಲೋಕಪ್ರಸಿದ್ಧನಾಗುವ ಎಷ್ಟೋ ವರ್ಷ ಮೊದಲು, 1702ರ ಡಿಸೆಂಬರಿನಲ್ಲಿ, ಅವನು ಹೆಸರು ಹಾಕದೆ ಒಂದು ಕಿರುಹೊತ್ತಗೆ ಪ್ರಕಟಿಸಿದ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ 'ಡಿಸೆಂಟರ್' ಪಂಗಡಗಳನ್ನು ಬೇರುಸಹಿತ ಕೀಳಬೇಕು, ಅವರ ಬೋಧಕರನ್ನು ನೇಣಿಗೆ ಹಾಕಬೇಕು, ಜನರನ್ನು ದೇಶದಿಂದ ಅಟ್ಟಬೇಕು ಎಂಬ ವಾದ. ಡಿಫೋ ತಾನೇ ಒಬ್ಬ ಡಿಸೆಂಟರ್. ಚರ್ಚಿನ ಉಗ್ರವಾದಿಗಳ ಮಾತನ್ನು ಅವರದೇ ದನಿಯಲ್ಲಿ ಇನ್ನೆರಡು ಹೆಜ್ಜೆ ಮುಂದೆ ಒಯ್ದರೆ ಅವರಿಗೇ ನಾಚಿಕೆಯಾದೀತೆಂದು ಎಣಿಸಿದ್ದ. ನಾಚಿಕೆಯಾಗಲಿಲ್ಲ, ಅವರಲ್ಲಿ ಕೆಲವರು ಮೆಚ್ಚಿಕೊಂಡರು. ಡಿಸೆಂಟರುಗಳು ನಿಜವೆಂದು ನಂಬಿ ಹೆದರಿದರು. ಬರೆದವನು ಯಾರೆಂಬುದು ಹೊರಬಿದ್ದಾಗ ಎರಡು ಕಡೆಯವರಿಗೂ ಅವನ ಮೇಲೆ ಕೋಪ. ಸೆರೆಮನೆ, ದಂಡ, ಮತ್ತು 1703ರ ಜುಲೈ ಕೊನೆಯಲ್ಲಿ ಮೂರು ದಿನ ಲಂಡನ್ನಿನ ಬೀದಿಯಲ್ಲಿ ಕುತ್ತಿಗೆಯನ್ನೂ ಕೈಗಳನ್ನೂ ಹಲಗೆಯಲ್ಲಿ ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಡಿಫೋ ಎಡವಿದ್ದು ಎಲ್ಲಿ? ಅವನು ಹಾಕಿದ ವೇಷ ಅಸಲಿಗೆ ತೀರ ಹತ್ತಿರವಾಗಿತ್ತು. ವೇಷಧಾರಿಗೂ ವೇಷಕ್ಕೂ ನಡುವೆ ನೋಡುವವನ ಕಣ್ಣು ತೂರುವಷ್ಟು ಸಂದಿ ಇರಬೇಕು. ಅವನಲ್ಲಿ ಅದು ಇರಲಿಲ್ಲ.

ಸ್ವಿಫ್ಟನಲ್ಲಿ ಆ ಸಂದಿ ಇದೆ. ಅವನು ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲಿನ ಡೀನ್. ಐರ್ಲೆಂಡಿನ ಜಮೀನ್ದಾರರಲ್ಲಿ ಬಹುಮಂದಿ ಇಂಗ್ಲೆಂಡಿನಲ್ಲಿ ಕುಳಿತು ಗೇಣಿ ತರಿಸಿಕೊಳ್ಳುತ್ತಿದ್ದ ಕಾಲ. 1720ರ ದಶಕದ ಕೊನೆಯಲ್ಲಿ ಬೆಳೆ ಕೆಟ್ಟು ಜನ ಹಸಿವಿನಿಂದ ಸಾಯುತ್ತಿದ್ದರು. 1729ರಲ್ಲಿ ಹೊರಬಂದ ಈ ಕಿರುಹೊತ್ತಗೆಯಲ್ಲಿ ಮಾತನಾಡುವವನು ಸ್ವಿಫ್ಟನಲ್ಲ, ದೇಶೋದ್ಧಾರದ ಯೋಜನೆಗಳನ್ನು ಹೊತ್ತು ತಿರುಗುವ ಒಬ್ಬ ಸಂಭಾವಿತ. ಸರ್ ವಿಲಿಯಂ ಪೆಟ್ಟಿ ಎಂಬಾತ 'ಪೊಲಿಟಿಕಲ್ ಅರಿತ್ಮೆಟಿಕ್' ಎಂದು ಕರೆದ, ಜನರನ್ನೂ ಸಂಪತ್ತನ್ನೂ ಅಂಕಿಗಳಲ್ಲಿ ಅಳೆಯುವ ಪದ್ಧತಿ ಆಗ ಬಹಳ ಬಳಕೆಯಲ್ಲಿತ್ತು. ನಮ್ಮ ಸಂಭಾವಿತನದೂ ಅದೇ ಪದ್ಧತಿ. ದೇಶದ ಜನಸಂಖ್ಯೆ 15 ಲಕ್ಷ. ಅದರಲ್ಲಿ ಮಕ್ಕಳಾಗುವ ದಂಪತಿಗಳು 2 ಲಕ್ಷ. ಸಾಕಲು ಶಕ್ತಿಯುಳ್ಳ 30,000 ಕಳೆದರೆ 1,70,000. ಗರ್ಭಪಾತಕ್ಕೂ ವರ್ಷದೊಳಗೆ ಸಾಯುವ ಕೂಸುಗಳಿಗೂ 50,000 ಕಳೆದರೆ ಬಡವರ ಮಕ್ಕಳು ವರ್ಷಕ್ಕೆ 1,20,000. ಇವರನ್ನು ಏನು ಮಾಡುವುದು? ತಳಿಗೆಂದು 20,000 ಉಳಿಸಿಕೊಂಡು, ಮಿಕ್ಕ ಒಂದು ಲಕ್ಷವನ್ನು ವರ್ಷ ತುಂಬುತ್ತಲೇ ಅನುಕೂಲಸ್ಥರ ಊಟದ ಮೇಜಿಗೆ ಮಾರುವುದು. ಇದು ಸಲಹೆ. ಬೆಲೆ ಹತ್ತು ಷಿಲಿಂಗ್.

ಇಷ್ಟನ್ನೂ ಅವನು ಹೇಳುವ ದನಿ ಒಂದೇ ಸಮ. ಒಂದು ಕಡೆ ಮಾತ್ರ, ಕೊನೆಯ ಭಾಗದಲ್ಲಿ, ಬೇರೆ ಉಪಾಯಗಳ ಮಾತನ್ನು ತನ್ನ ಮುಂದೆ ಎತ್ತಕೂಡದೆಂದು ಗದರಿ ಅವುಗಳನ್ನು ಪಟ್ಟಿ ಮಾಡುತ್ತಾನೆ: ಪರದೇಶದಲ್ಲಿ ಕುಳಿತ ಜಮೀನ್ದಾರರ ಮೇಲೆ ತೆರಿಗೆ, ಸ್ವದೇಶದ ಬಟ್ಟೆಯನ್ನೇ ಉಡುವುದು, ಗೇಣಿದಾರರ ಮೇಲೆ ಒಂದಿಷ್ಟು ದಯೆ. ಸ್ವದೇಶಿ ವಸ್ತುಗಳನ್ನೇ ಬಳಸಿರೆಂದು ಸ್ವಿಫ್ಟ್ 1720ರಲ್ಲಿ ತನ್ನ ನೇರವಾದ ದನಿಯಲ್ಲಿಯೇ ಬರೆದಿದ್ದ. ಆ ಹೊತ್ತಗೆಯ ಮುದ್ರಕನ ಮೇಲೆ ಮೊಕದ್ದಮೆ ಹೂಡಿದ್ದರು. ನೇರವಾಗಿ ಹೇಳಿ ಸೋತ ಸಲಹೆಗಳನ್ನೇ ಈಗ ಆ ಸಂಭಾವಿತನ ಬಾಯಲ್ಲಿ ತಿರಸ್ಕಾರದ ಪಟ್ಟಿಯಾಗಿ ಇಟ್ಟಿದ್ದಾನೆ. ನಾನು ಹೇಳಿದ ಸಂದಿ ಇಲ್ಲಿ ಅಗಲವಾಗಿ ತೆರೆಯುತ್ತದೆ.

ನನ್ನ ಅನುವಾದವನ್ನು ನಿವೃತ್ತನಾದ ಮೇಲೆ ಟ್ರಂಕಿನಿಂದ ಹೊರತೆಗೆದೆ. ಅಷ್ಟು ಹೊತ್ತಿಗೆ ಅದನ್ನು ತೋರಿಸಬೇಕಾದವರು ಇರಲಿಲ್ಲ. ಓದಿದರೆ ನನಗೇ ನಾಚಿಕೆ. ಸಲಹೆಗಾರನ ಬಾಯಲ್ಲಿ 'ಹೃದಯವಿದ್ರಾವಕ' ಎಂಬ ಪದ ನಾಲ್ಕು ಕಡೆ. ಹಸುಳೆ, ಕಂದಮ್ಮ, ಹೆತ್ತ ಕರುಳು. ಎರಡು ಕಡೆ 'ಅಯ್ಯೋ'. ಇವುಗಳಲ್ಲಿ ಬಹುಪಾಲು ಮೂಲದಲ್ಲಿ ಇರಲಿಲ್ಲ. ವಿಷಯ ಇಷ್ಟು ಘೋರವಾಗಿರುವಾಗ ಮಾತಿನಲ್ಲಿ ಕರುಣರಸ ಇರದಿದ್ದರೆ ಹೇಗೆ ಎಂದು ನಾನೇ ತುಂಬಿದ್ದೆ. ಅಳುವ ಮನುಷ್ಯ ಮಕ್ಕಳನ್ನು ಮಾರುವ ಸಲಹೆ ಕೊಡುವುದಿಲ್ಲ. ಕೊಟ್ಟರೆ ಅವನು ಹುಚ್ಚ. ಹುಚ್ಚನ ಮಾತಿಗೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಸ್ವಿಫ್ಟನಿಗೆ ಬೇಕಾದದ್ದು ಬುದ್ಧಿ ಸ್ವಸ್ಥವಾಗಿರುವ, ಮರ್ಯಾದಸ್ಥನಾದ, ಸರ್ಕಾರಿ ಸಮಿತಿಯಲ್ಲಿ ಕೂಡಿಸಬಹುದಾದ ಮನುಷ್ಯ.

ಹಾಗಾದರೆ ಅವನಿಗೆ ಯಾವ ಕನ್ನಡ? ಗ್ರಾಂಥಿಕ ಭಾಷೆ ಹಾಕಿ ನೋಡಿದೆ, ನಾಟಕದ ಮಾತಾಯಿತು. ಕೊನೆಗೆ ನನ್ನ ಅಜ್ಜನ ಕಾಲದ ಶಾನುಭೋಗಿಕೆಯ ಕಡತಗಳ ಭಾಷೆ ನೆನಪಾಯಿತು. ಬಾಬ್ತು, ವಜಾ, ಬಾಕಿ, ಷರಾ. ಕ್ಷಾಮದ ವರ್ಷವನ್ನೂ ಸುಭಿಕ್ಷದ ವರ್ಷವನ್ನೂ ಒಂದೇ ಅಕ್ಷರದಲ್ಲಿ ಬರೆಯುವ ಭಾಷೆ ಅದು. ಅಕಾಲಿಕ ಮರಣದ ಬಾಬ್ತು 50,000 ವಜಾ ಎಂದು ಬರೆದ ಕೂಡಲೇ ಸಂಭಾವಿತನು ಎದ್ದು ಕುಳಿತ.

ಒಂದು ಪದ ಮಾತ್ರ ಬಹಳ ದಿನ ಕಾಡಿತು. ಸ್ವಿಫ್ಟನ ಸಲಹೆಗಾರ ಆರಂಭದಲ್ಲಿಯೇ, ತನ್ನ ಸಲಹೆಯನ್ನು ಬಿಚ್ಚುವುದಕ್ಕೆ ಮೊದಲೇ, ಬಡ ತಾಯಂದಿರಿಗೆ ದನಕುರಿಗಳಿಗೆ ಸಲ್ಲುವ ಮಾತನ್ನು ಬಳಸುತ್ತಾನೆ. ಅವರು 'ಬ್ರೀಡರ್'ಗಳು, ಕೂಸು 'ಡ್ಯಾಮ್'ನಿಂದ ಬಿದ್ದದ್ದು. ದನಕರುವಿನ ತಾಯಿಗೆ ಹೇಳುವ ಹೆಸರು ಅದು. ಅಲ್ಲಿ ಯಾವ ಉಪಮೆಯೂ ಇಲ್ಲ, ಅಂತೆ ಎಂಬುದಿಲ್ಲ, ವಾಕ್ಯ ನಿಲ್ಲುವುದೂ ಇಲ್ಲ. ಗಮನವಿಟ್ಟು ಓದುವವನಿಗೆ ಅಲ್ಲಿಯೇ ಸಣ್ಣಗೆ ಚಳಿಯಾಗಬೇಕು. ಮೊದಲ ಅನುವಾದದಲ್ಲಿ ನಾನು ಅದನ್ನು ಗಮನಿಸದೆ 'ಹೆತ್ತ' ಎಂದು ಬರೆದಿದ್ದೆ. ಕನ್ನಡದಲ್ಲಿ ಈ ವಿಷಯಕ್ಕೆ ಎರಡು ಕ್ರಿಯಾಪದಗಳಿವೆಯಷ್ಟೆ. ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ಇಷ್ಟು ಹತ್ತಿರದಲ್ಲಿದ್ದ ಪದ ನನಗೆ ಸಿಕ್ಕಲು ಮೂವತ್ತು ವರ್ಷ ಹಿಡಿಯಿತು. 'ಹೆತ್ತ' ಎಂಬುದನ್ನು ಹೊಡೆದು 'ಈದ' ಎಂದು ಬರೆದೆ.

ಅಕ್ಷರಜೋಡಣೆ ಮಾಡಿಕೊಡುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಕರಡಚ್ಚು ತಂದುಕೊಟ್ಟಾಗ ನೋಡಿದರೆ ಅಲ್ಲಿ ಮತ್ತೆ 'ಹೆತ್ತ' ಎಂದಿತ್ತು. ಕೇಳಿದೆ.

'ನಾನೇ ತಿದ್ದಿದೆ ಸಾರ್, ಕೈತಪ್ಪು ಅಂದ್ಕೊಂಡೆ. ಅದು ದನಕ್ಕೆ ಹೇಳೋ ಮಾತಲ್ವಾ?'

'ಹೌದಮ್ಮ, ದನಕ್ಕೆ ಹೇಳುವ ಮಾತೇ' ಎಂದೆ.

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.